ಘರಿಯಲ್ ಮತ್ತು ಬಸ್ಟರ್ಡ್: ಸಂಬಂಧವಿಲ್ಲದ ಎರಡು ಜೀವಿಗಳನ್ನು ಹೋಲಿಸುವುದು ಹೇಗೆ

ಹೋಲಿಕೆ ಬರೆಯಿರಿ ಎಂದರೆ ಹುಲಿ-ಸಿಂಹ ಬರುತ್ತವೆ. ಇಲ್ಲವಾದರೆ ಏಷ್ಯಾದ ಆನೆ-ಆಫ್ರಿಕಾದ ಆನೆ, ಅದೂ ಬಿಟ್ಟರೆ ಚಿರತೆ-ಚೀತಾ. ಪ್ರಾಣಿಶಾಸ್ತ್ರ ಪಾಠ ಮಾಡುವ ನನ್ನ ಮೇಜಿಗೆ ಇಂಥ ಹಾಳೆಗಳು ಬಂದು ಬೀಳುತ್ತಲೇ ಇರುತ್ತವೆ. ಬರೆದವರದ್ದು ತಪ್ಪೆಂದಲ್ಲ. ಆದರೆ ದಾಯಾದಿಗಳನ್ನು ಹೋಲಿಸುವಾಗ ಒಂದಕ್ಕೆ ಕೇಸರ, ಇನ್ನೊಂದಕ್ಕೆ ಪಟ್ಟೆ ಎಂದು ಬರೆದು ಕೈತೊಳೆದುಕೊಳ್ಳಬಹುದು. ತಲೆ ಓಡಿಸುವ ಪ್ರಸಂಗವೇ ಬರುವುದಿಲ್ಲ. ಒಂದಕ್ಕೊಂದು ಸಂಬಂಧವೇ ಇಲ್ಲ ಎನ್ನಿಸುವ ಎರಡು ಪ್ರಭೇದಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ಪ್ರತಿ ಸಾಲಿನಲ್ಲೂ ‘ಇದು ಹೀಗೇಕೆ?’ ಎಂದು ಕೇಳಿಕೊಳ್ಳಲೇಬೇಕಾಗುತ್ತದೆ.

ಮೂರು ಸಾಲು ಸಾಕು: ವರ್ಗೀಕರಣ, ಆವಾಸ, ಸಂರಕ್ಷಣಾ ಸ್ಥಿತಿ. ಮೂರಕ್ಕೂ ಎರಡೂ ಕಡೆ ಒಂದೇ ಅಳತೆಗೋಲು ಇಡಬೇಕು ಎಂಬುದಷ್ಟೇ ನನ್ನ ಪಟ್ಟು. ಒಂದರ ಬಗ್ಗೆ ‘ಎಷ್ಟಿವೆ’ ಎಂದು ಬರೆದು ಇನ್ನೊಂದರ ಬಗ್ಗೆ ‘ಎಷ್ಟು ಕಡಿಮೆಯಾಗಿವೆ’ ಎಂದು ಬರೆದರೆ ಅದು ಹೋಲಿಕೆಯಲ್ಲ, ಎರಡು ಟಿಪ್ಪಣಿಗಳನ್ನು ಗೋಂದು ಹಚ್ಚಿ ಅಂಟಿಸಿದ ಹಾಳೆ.

ಜೋಡಿ ಆರಿಸುವಾಗ ಒಂದು ಕಿವಿಮಾತು. ಎಲ್ಲದರಲ್ಲೂ ಬೇರೆಬೇರೆಯಾದ ಜೋಡಿ, ಉದಾಹರಣೆಗೆ ಸೊಳ್ಳೆ ಮತ್ತು ತಿಮಿಂಗಿಲ, ತಮಾಷೆಗೆ ಚೆನ್ನ; ಬರೆಯಲು ಕೂತರೆ ‘ಇದು ಚಿಕ್ಕದು, ಅದು ದೊಡ್ಡದು’ ಎಂಬಲ್ಲಿಗೆ ನಿಂತುಹೋಗುತ್ತದೆ. ವಂಶಾವಳಿಯಲ್ಲಿ ದೂರ ಇರಲಿ, ಮೂರರಲ್ಲಿ ಒಂದು ಸಾಲಿನಲ್ಲಾದರೂ ಇಬ್ಬರೂ ಒಂದೇ ಮನೆಯಲ್ಲಿ ಕೂರಲಿ. ಆಗ ‘ಬೇರೆ ದಾರಿಯಲ್ಲಿ ಬಂದವರು ಇಲ್ಲಿ ಹೇಗೆ ಸೇರಿದರು?’ ಎಂಬ ಪ್ರಶ್ನೆ ಹುಟ್ಟುತ್ತದೆ. ನಾನು ಪಾಠಕ್ಕೆ ಇಟ್ಟುಕೊಂಡಿರುವ ಜೋಡಿ ಘರಿಯಲ್ ಮತ್ತು ಗ್ರೇಟ್ ಇಂಡಿಯನ್ ಬಸ್ಟರ್ಡ್. ಮೊದಲನೆಯದು ಉದ್ದ ಮೂತಿಯ, ಮೀನು ತಿನ್ನುವ ನದಿ ಮೊಸಳೆ. ಎರಡನೆಯದು ಹುಲ್ಲುಬಯಲಿನಲ್ಲಿ ಗತ್ತಿನಿಂದ ನಡೆದಾಡುವ, ಗಂಡು 15 ಕಿಲೋವರೆಗೂ ತೂಗಬಲ್ಲ ಹಕ್ಕಿ. ಪ್ರಭೇದಗಳಿಗೆ ಅಳಿವಿನ ಅಪಾಯ ಎಷ್ಟೆಂದು ದರ್ಜೆ ಕೊಡುವ ಐಯುಸಿಎನ್ (ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ) ಕೆಂಪು ಪಟ್ಟಿಯಲ್ಲಿ ಎರಡೂ ಒಂದೇ ದರ್ಜೆಯಲ್ಲಿವೆ. ಅಲ್ಲಿಗೆ ಅವು ಬಂದ ದಾರಿಗಳು ಮಾತ್ರ ಒಂದನ್ನೊಂದು ಮುಟ್ಟುವುದಿಲ್ಲ.

ಮೊದಲು ಹೆಸರು ಗಟ್ಟಿ ಮಾಡಿಕೊಳ್ಳಿ

ರೂಢಿಯ ಹೆಸರು ನಂಬಿ ಮುಂದೆ ಹೋಗಬೇಡಿ. ‘ಬಸ್ಟರ್ಡ್’ ಎಂದಷ್ಟೇ ಬರೆದರೆ ಇಪ್ಪತ್ತಕ್ಕೂ ಹೆಚ್ಚು ಪ್ರಭೇದಗಳ ಪೈಕಿ ಯಾವುದು ಎಂಬುದೇ ಗೊತ್ತಾಗುವುದಿಲ್ಲ. ‘ಮೊಸಳೆ’ ಎಂದರೂ ಅದೇ ಪಾಡು. ನಮ್ಮ ಜೋಡಿಯ ವೈಜ್ಞಾನಿಕ ಹೆಸರುಗಳು ಗೇವಿಯಾಲಿಸ್ ಗ್ಯಾಂಜೆಟಿಕಸ್ ಮತ್ತು ಆರ್ಡಿಯೋಟಿಸ್ ನೈಗ್ರಿಸೆಪ್ಸ್.

ಹೆಸರಿನ ಮುಂದೆ ಅದನ್ನಿಟ್ಟವರ ಹೆಸರು ಮತ್ತು ವರ್ಷ ಇರುತ್ತದೆ. ಅದನ್ನು ಹಾರಿಸಿಬಿಡುವುದು ಎಲ್ಲರ ಅಭ್ಯಾಸ. ಹಾರಿಸಬೇಡಿ, ಅಲ್ಲೊಂದು ಸುಳಿವಿದೆ. ಘರಿಯಲ್‌ಗೆ (ಗ್ಮೆಲಿನ್, 1789), ಬಸ್ಟರ್ಡ್‌ಗೆ (ವಿಗರ್ಸ್, 1831) ಎಂದು ಕಂಸದೊಳಗೆ ಬರೆದಿರುತ್ತಾರೆ. ಪ್ರಾಣಿಗಳ ಹೆಸರಿನಲ್ಲಿ ಈ ಕಂಸಕ್ಕೆ ಅರ್ಥವಿದೆ: ಮೊದಲು ಹೆಸರಿಟ್ಟವರು ಆ ಪ್ರಭೇದವನ್ನು ಬೇರೊಂದು ಜಾತಿಯಲ್ಲಿ (ಜೀನಸ್, ಅಂದರೆ ಹತ್ತಿರದ ಪ್ರಭೇದಗಳ ಗುಂಪು) ಇಟ್ಟಿದ್ದರು, ಆಮೇಲೆ ಯಾರೋ ಅಲ್ಲಿಂದ ಎಬ್ಬಿಸಿ ಇಲ್ಲಿ ಕೂರಿಸಿದ್ದಾರೆ. ಗ್ಮೆಲಿನ್ ಘರಿಯಲ್‌ಗೆ ಇಟ್ಟದ್ದು ಲ್ಯಾಸರ್ಟಾ ಗ್ಯಾಂಜೆಟಿಕಾ ಎಂಬ ಹೆಸರು. ಲ್ಯಾಸರ್ಟಾ ಹಲ್ಲಿಗಳ ಜಾತಿ. ಐದು ಮೀಟರ್ ದಾಟುವ ಪ್ರಾಣಿ ಹಲ್ಲಿಗಳ ಜೊತೆ ಸೇರಿಕೊಂಡಿತ್ತು! ನಗು ಬಂದರೂ ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಮುಂದಿನ ಸಾಲಿಗೆ ಬೇಕು.

ವರ್ಗೀಕರಣ: ಏಣಿ ಬೇಡ, ಕವಲು ಹುಡುಕಿ

ಸಾಮ್ರಾಜ್ಯ, ವಂಶ, ವರ್ಗ, ಗಣ, ಕುಟುಂಬ, ಜಾತಿ, ಪ್ರಭೇದ. ಈ ಏಳು ಮೆಟ್ಟಿಲು ಬರೆದು ಎದುರಿಗೆ ಎರಡು ಕಾಲಂ ತುಂಬಿಸಿದರೆ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ತುಂಬಿಸಿ, ಬೇಡ ಎನ್ನುವುದಿಲ್ಲ. ಎರಡೂ ಪ್ರಾಣಿ ಸಾಮ್ರಾಜ್ಯದವು, ಎರಡೂ ಕಶೇರುಕಗಳಿರುವ ಕಾರ್ಡೇಟಾ ವಂಶದವು. ಆಮೇಲೆ ದಾರಿ ಬೇರೆ. ಘರಿಯಲ್ ಸರೀಸೃಪ ವರ್ಗ, ಕ್ರೊಕೊಡೀಲಿಯಾ ಗಣ, ಗೇವಿಯಾಲಿಡೇ ಕುಟುಂಬ. ಬಸ್ಟರ್ಡ್ ಪಕ್ಷಿ ವರ್ಗ, ಓಟಿಡಿಫಾರ್ಮಿಸ್ ಗಣ, ಓಟಿಡಿಡೇ ಕುಟುಂಬ. ಇಷ್ಟು ಬರೆದಾಗ ಕಣ್ಣಿಗೆ ಕಾಣುವುದು ‘ವರ್ಗದಲ್ಲಿ ಬೇರೆಯಾದವು’ ಎಂಬ ಒಂದೇ ಮಾತು.

ಈಗ ಹಾಳೆಯನ್ನು ಅಡ್ಡ ಮಾಡಿ, ಏಣಿಯ ಬದಲು ಕವಲೊಡೆದ ಕೊಂಬೆ ಬರೆಯಿರಿ. ಮೂರು ತುದಿಗಳಿರಲಿ: ಘರಿಯಲ್, ಬಸ್ಟರ್ಡ್, ಮೂರನೆಯದಾಗಿ ಗೋಡೆಯ ಮೇಲಿನ ಹಲ್ಲಿ. ಯಾವ ಎರಡು ತುದಿ ಮೊದಲು ಕೂಡುತ್ತವೆ? ನಾನು ಕೇಳಿದವರೆಲ್ಲ ಬಹುತೇಕ ಘರಿಯಲ್ ಮತ್ತು ಹಲ್ಲಿಗೆ ಗೆರೆ ಎಳೆಯುತ್ತಾರೆ. ಗ್ಮೆಲಿನ್ ಕೂಡ ಅದನ್ನೇ ಮಾಡಿದ್ದ. ಆದರೆ ಮೊಸಳೆಗೆ ಹಲ್ಲಿಗಿಂತ ಹಕ್ಕಿಯೇ ಹತ್ತಿರದ ನಂಟು. ಮೊಸಳೆಗಳೂ ಹಕ್ಕಿಗಳೂ ಆರ್ಕೋಸಾರ್ ಎಂಬ ಒಂದೇ ಬುಡದಿಂದ ಬಂದವು. ಡೈನೋಸಾರ್‌ಗಳೂ ಅದೇ ಬುಡದವು. ಸುಮಾರು 25 ಕೋಟಿ ವರ್ಷಗಳ ಹಿಂದೆ ಆ ಬುಡ ಎರಡಾಗಿ ಸೀಳಿ, ಒಂದು ಕವಲು ಇಂದಿನ ಮೊಸಳೆಗಳಿಗೂ ಇನ್ನೊಂದು ಡೈನೋಸಾರ್‌ಗಳ ಮೂಲಕ ಹಕ್ಕಿಗಳಿಗೂ ಬಂದು ಮುಟ್ಟಿತು. ಹಲ್ಲಿಗಳ ಕವಲು ಅದಕ್ಕೂ ಮೊದಲೇ ಬೇರೆಯಾಗಿತ್ತು.

ಅಂದರೆ ‘ಸಂಬಂಧವಿಲ್ಲದ ಪ್ರಭೇದಗಳು’ ಎಂಬ ಮಾತಿಗೆ ಜೀವಶಾಸ್ತ್ರದಲ್ಲಿ ಇಷ್ಟೇ ಅರ್ಥ: ಇವುಗಳ ಕೊನೆಯ ಸಾಮಾನ್ಯ ಪೂರ್ವಜ ಬಹಳ ಹಿಂದಿನದು. ಎಷ್ಟು ಹಿಂದಿನದು ಎಂಬುದೇ ನಿಮ್ಮ ಹೋಲಿಕೆಯ ಮೊದಲ ವಾಕ್ಯವಾಗಬೇಕು. ‘ವರ್ಗ ಬೇರೆ’ ಎನ್ನುವುದಕ್ಕಿಂತ ‘25 ಕೋಟಿ ವರ್ಷಗಳ ಹಿಂದೆ ಬೇರೆಯಾದವು’ ಎಂದರೆ ಓದುವವರ ಕಿವಿ ನೆಟ್ಟಗಾಗುತ್ತದೆ.

ಕವಲು ಸಿಕ್ಕ ಮೇಲೆ ಎರಡರಲ್ಲೂ ಕಾಣುವ ಹೋಲಿಕೆಗಳನ್ನು ಎರಡು ಗುಂಪು ಮಾಡಿ. ನಾನು ಇದಕ್ಕೆ ಆಸ್ತಿಪತ್ರದ ಭಾಷೆ ಬಳಸುತ್ತೇನೆ: ಪಿತ್ರಾರ್ಜಿತ ಯಾವುದು, ಸ್ವಯಾರ್ಜಿತ ಯಾವುದು?

ನಾಲ್ಕು ಕೋಣೆಗಳ ಹೃದಯ ಎರಡಕ್ಕೂ ಇದೆ. ಹಲ್ಲಿಗೆ ಹಾಗಿಲ್ಲ. ಇದು ಆರ್ಕೋಸಾರ್ ಅಜ್ಜನಿಂದ ಬಂದದ್ದು, ಪಿತ್ರಾರ್ಜಿತ. (ನಮಗೂ ನಾಲ್ಕು ಕೋಣೆಗಳಿವೆಯಲ್ಲ ಎಂದು ಯಾರಾದರೂ ಕೇಳಿದರೆ ಸಂತೋಷಪಡಿ. ಸಸ್ತನಿಗಳು ಅದನ್ನು ಬೇರೆಯೇ ದಾರಿಯಲ್ಲಿ ಪಡೆದವು. ಒಂದು ಲಕ್ಷಣ ಹಿಡಿದುಕೊಂಡು ನೆಂಟಸ್ತನ ಸಾರಬಾರದು ಎಂಬುದಕ್ಕೆ ಇದೇ ಸಾಕ್ಷಿ.) ಮರಿಗಳನ್ನು ಕಾಯುವ ಗುಣವೂ ಬಹುಶಃ ಅಷ್ಟೇ ಹಳೆಯದು. ಚಂಬಲ್ ನದಿಯಲ್ಲಿ ಹಲವು ಗೂಡುಗಳ ಘರಿಯಲ್ ಮರಿಗಳು ಒಂದೇ ಕಡೆ ಗುಂಪುಗೂಡುತ್ತವೆ. ಪಕ್ಕದಲ್ಲಿ ದೊಡ್ಡ ಗಂಡು ಕಾವಲಿಗೆ ನಿಲ್ಲುವುದನ್ನು, ಮರಿಗಳು ಅದರ ಬೆನ್ನ ಮೇಲೇರಿ ಕೂರುವುದನ್ನು ಸಂಶೋಧಕರು ದಾಖಲಿಸಿದ್ದಾರೆ. ಬಸ್ಟರ್ಡ್‌ನಲ್ಲಿ ಆ ಭಾರವೆಲ್ಲ ಹೆಣ್ಣಿನದು. ಗಂಡು ಅತ್ತ ತಿರುಗಿಯೂ ನೋಡುವುದಿಲ್ಲ.

ಇನ್ನು ಸ್ವಯಾರ್ಜಿತ. ಪ್ರಾಯಕ್ಕೆ ಬಂದ ಗಂಡು ಘರಿಯಲ್‌ನ ಮೂತಿಯ ತುದಿಯಲ್ಲಿ ಗಡಿಗೆಯಂಥ ಗಂಟೊಂದು ಬೆಳೆಯುತ್ತದೆ. ಉಸಿರು ಅದರ ಮೂಲಕ ಹಾದು ಬುಸುಗುಟ್ಟುವ, ಗುಂಯ್‌ಗುಡುವ ಸದ್ದಾಗಿ ಹೊರಡುತ್ತದೆ. ಗಂಡು ಬಸ್ಟರ್ಡ್ ಕುತ್ತಿಗೆಯ ಚೀಲವನ್ನು ಉಬ್ಬಿಸಿ, ಅದು ಎದೆಯ ಮುಂದೆ ಜೋತಾಡುತ್ತಿರುವಂತೆಯೇ ದೂರಕ್ಕೆ ಕೇಳುವ ಗಂಭೀರ ಹೂಂಕಾರ ಹೊರಡಿಸುತ್ತದೆ. ಹೆಣ್ಣುಗಳಿಗೆ ಇಂಥದ್ದೇ ಇಷ್ಟ, ಏನು ಮಾಡುವುದು! ಉದ್ದೇಶ ಒಂದೇ, ಅಂಗ ಪೂರ್ತಿ ಬೇರೆ. ಹೀಗೆ ಬೇರೆಬೇರೆ ದಾರಿಯಲ್ಲಿ ಒಂದೇ ಕಡೆಗೆ ಬರುವುದಕ್ಕೆ ಪಠ್ಯದಲ್ಲಿ ‘ಅಭಿಸರಣ’ ಎನ್ನುತ್ತಾರೆ. ವರ್ಗೀಕರಣದ ಸಾಲಿನಲ್ಲಿ ಈ ಎರಡು ಗುಂಪು ಬೇರ್ಪಟ್ಟರೆ ನನ್ನ ಮಟ್ಟಿಗೆ ಅರ್ಧ ಹೋಲಿಕೆ ಗೆದ್ದಂತೆ.

ಒಂದು ಎಚ್ಚರಿಕೆ ಬಾಕಿಯಿದೆ. ಹಳೆಯ ಪುಸ್ತಕ ತೆರೆದರೆ ಬಸ್ಟರ್ಡ್‌ಗಳು ಕೊಕ್ಕರೆಯಂಥ ಕ್ರೇನ್‌ಗಳ ಗ್ರುಯಿಫಾರ್ಮಿಸ್ ಗಣದಲ್ಲಿ ಕೂತಿರುತ್ತವೆ. ಡಿಎನ್ಎ ಅಧ್ಯಯನಗಳ ನಂತರ ಅವಕ್ಕೆ ಸ್ವಂತ ಗಣ ಸಿಕ್ಕಿತು. ಘರಿಯಲ್ ಕುಟುಂಬದಲ್ಲೂ ಇಂಥದ್ದೇ ಜಗಳ: ಆಗ್ನೇಯ ಏಷ್ಯಾದ ಟೊಮಿಸ್ಟೋಮಾ, ಅಂದರೆ ಫಾಲ್ಸ್ ಘರಿಯಲ್, ಎಲುಬು ನೋಡಿದವರ ಕಣ್ಣಿಗೆ ಸಾಮಾನ್ಯ ಮೊಸಳೆಗಳ ಕುಟುಂಬದ್ದು, ಅಣುಗಳನ್ನು ನೋಡಿದವರ ಲೆಕ್ಕದಲ್ಲಿ ಘರಿಯಲ್‌ನ ತೀರ ಹತ್ತಿರದ್ದು. ಇಂದು ಎರಡನೆಯ ವಾದಕ್ಕೆ ಬಲ ಹೆಚ್ಚು. ಎರಡೂ ಪ್ರಭೇದಗಳಿಗೆ ಒಂದೇ ಕಾಲದ ಆಕರ ಹಿಡಿಯಿರಿ. ಒಂದಕ್ಕೆ 1980ರ ಪುಸ್ತಕ, ಇನ್ನೊಂದಕ್ಕೆ ಈಚಿನ ಪಟ್ಟಿ ನೋಡಿದರೆ ನೀವು ಹೋಲಿಸುತ್ತಿರುವುದು ಪ್ರಾಣಿಗಳನ್ನಲ್ಲ, ಮುದ್ರಣದ ವರ್ಷಗಳನ್ನು.

ಆವಾಸ: ‘ಎಲ್ಲಿದೆ’ ಎನ್ನುವುದಕ್ಕಿಂತ ‘ಏನಿಲ್ಲದೆ ಇರಲಾರದು’

‘ಘರಿಯಲ್ ನದಿಯಲ್ಲಿ ವಾಸಿಸುತ್ತದೆ. ಬಸ್ಟರ್ಡ್ ಹುಲ್ಲುಗಾವಲಿನಲ್ಲಿ ವಾಸಿಸುತ್ತದೆ.’ ಈ ಎರಡು ವಾಕ್ಯಗಳಿಗೆ ನಾನು ಕೆಂಪು ಶಾಯಿಯಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ವಾಪಸು ಕೊಡುತ್ತೇನೆ. ಯಾವ ನದಿ? ನದಿಯ ಯಾವ ಭಾಗ? ವರ್ಷದ ಯಾವ ತಿಂಗಳು?

ಎರಡೂ ಜೀವಿಗಳಿಗೆ ಇದೇ ಮೂರು ಪ್ರಶ್ನೆ ಹಾಕಿ: ಮೊಟ್ಟೆ ಎಲ್ಲಿ ಇಡುತ್ತದೆ, ಹೊಟ್ಟೆಗೆ ಎಲ್ಲಿಂದ, ಈ ದೇಹದಿಂದ ಆಗದ ಕೆಲಸ ಯಾವುದು? ಮೂರನೆಯದೇ ಹೆಚ್ಚು ಫಲ ಕೊಡುವ ಪ್ರಶ್ನೆ, ಆದರೆ ಅದನ್ನು ಕೇಳುವವರು ಕಡಿಮೆ.

ಘರಿಯಲ್‌ನ ಕಾಲುಗಳು ಬಡಪಾಯಿ. ಬೆಳೆದ ಘರಿಯಲ್ ಬೇರೆ ಮೊಸಳೆಗಳ ಹಾಗೆ ದೇಹ ಎತ್ತಿ ನೆಲದ ಮೇಲೆ ನಡೆಯಲಾರದು. ಹೊಟ್ಟೆ ಎಳೆದುಕೊಂಡು ಮರಳಿಗೆ ಬಂದು ಬಿಸಿಲು ಕಾಯಿಸಿ ಹಿಂದಿರುಗುತ್ತದೆ. ಆದ್ದರಿಂದ ನದಿ ಬತ್ತಿದರೆ ನಡೆದು ಇನ್ನೊಂದು ನದಿಗೆ ಹೋಗುವ ಮಾತೇ ಇಲ್ಲ. ಅದಕ್ಕೆ ಬೇಕಾದದ್ದು ಆಳವಾದ, ಹರಿಯುವ ನೀರು ಮತ್ತು ಅದಕ್ಕೆ ತಾಗಿಕೊಂಡೇ ಕಡಿದಾದ ಮರಳ ದಂಡೆ. ಮಾರ್ಚ್-ಏಪ್ರಿಲ್‌ನಲ್ಲಿ ಹೆಣ್ಣು ಆ ಮರಳಿನಲ್ಲಿ ಗುಂಡಿ ತೋಡಿ ಮೂವತ್ತು-ನಲವತ್ತು ಮೊಟ್ಟೆ ಇಡುತ್ತದೆ. ಮುಂಗಾರಿನ ನೆರೆ ಬರುವುದರೊಳಗೆ ಮರಿ ಹೊರಬರಬೇಕು. ಮೇಲಿನ ಅಣೆಕಟ್ಟಿನಿಂದ ಹೊತ್ತಲ್ಲದ ಹೊತ್ತಿನಲ್ಲಿ ನೀರು ಬಿಟ್ಟರೂ ಕೆಟ್ಟಿತು, ದಂಡೆಯ ಮರಳನ್ನು ಲಾರಿಗೆ ತುಂಬಿದರೂ ಕೆಟ್ಟಿತು.

ಬಸ್ಟರ್ಡ್‌ಗೆ ಆಗದ್ದು ಬೇರೆ. ಭಾರದ ಹಕ್ಕಿ, ಹಾರುವಾಗ ಗಕ್ಕನೆ ತಿರುಗಲಾರದು. ಕಣ್ಣುಗಳು ತಲೆಯ ಇಕ್ಕೆಲಗಳಲ್ಲಿರುವುದರಿಂದ ಸುತ್ತಲಿನ ಬಯಲಿನ ಮೇಲೆ ನಿಗಾ ಇಡುವುದು ಸುಲಭ, ನೇರ ಮುಂದಿನ ನೋಟ ಮಾತ್ರ ಕಿರಿದು. ಮರದ ಮೇಲೆ ಕೂರುವ ಪಾದವೂ ಅಲ್ಲ, ಹಿಂಬೆರಳೇ ಇಲ್ಲ. ಅದಕ್ಕೆ ಬೇಕಾದದ್ದು ಕಣ್ಣು ಹಾಯುವವರೆಗೂ ತೆರೆದ ಒಣ ಹುಲ್ಲುಬಯಲು, ಅಲ್ಲಲ್ಲಿ ಕುರುಚಲು. ಮಿಡತೆ, ಜೀರುಂಡೆ, ಕಾಳು, ಬೋರೆಯಂಥ ಕಾಯಿ, ಸಣ್ಣ ಓತಿ ಎಲ್ಲವೂ ಆಹಾರ. ಮೊಟ್ಟೆ ಸಾಮಾನ್ಯವಾಗಿ ಒಂದೇ, ಅದೂ ಬರಿನೆಲದ ಮೇಲೆ.

ಇಲ್ಲಿಗೆ ಬಂದಾಗ ಎರಡು ಕಾಲಂಗಳೂ ತಾವಾಗಿ ಮಾತಿಗಿಳಿಯುತ್ತವೆ. ಇಬ್ಬರೂ ಮೊಟ್ಟೆಯಿಡುವುದು ಬಯಲು ನೆಲದಲ್ಲಿ. ಮರಳ ದಿಣ್ಣೆ, ಹುಲ್ಲುಬಯಲು ಎರಡೂ ನಮ್ಮ ಕಣ್ಣಿಗೆ ‘ಖಾಲಿ ಜಾಗ’. ಕಾಡು ಕಡಿದರೆ ಯಾರಾದರೂ ಅಳುತ್ತಾರೆ. ಮರಳು ಎತ್ತಿದರೆ, ಹುಲ್ಲುಬಯಲಿಗೆ ಸಸಿ ನೆಟ್ಟರೆ ಅಭಿವೃದ್ಧಿ ಎನ್ನುತ್ತಾರೆ. ಹುಲ್ಲುಬಯಲಿನಲ್ಲಿ ಸಾಲುಮರ ಎದ್ದರೆ ಅದು ಬಸ್ಟರ್ಡ್‌ನ ಮನೆಗೆ ಎದ್ದ ಗೋಡೆ. ಪರಿಸರ ದಿನದ ಭಾಷಣಕಾರರಿಗೆ ಇದನ್ನು ಹೇಳಿ ನೋಡಿ, ನಂಬುವುದಿಲ್ಲ.

ಅಳತೆಯ ಘಟಕವನ್ನೂ ಯೋಚಿಸಿ. ಬಸ್ಟರ್ಡ್‌ನ ನೆಲೆಯನ್ನು ಚದರ ಕಿಲೋಮೀಟರ್‌ನಲ್ಲಿ ಹೇಳುವುದು ಸರಿ. ಘರಿಯಲ್‌ನದು ಗೆರೆಯಂಥ ನೆಲೆ. ಅದನ್ನು ನದಿಯ ಉದ್ದದಲ್ಲಿ, ಕಿಲೋಮೀಟರ್‌ನಲ್ಲಿ ಹೇಳಬೇಕು. ಹಂಚಿಕೆಯ ನಕ್ಷೆಯಲ್ಲಿ ಬಣ್ಣ ಬಳಿದ ಜಾಗವೆಲ್ಲ ಪ್ರಾಣಿಯಿರುವ ಜಾಗವೂ ಅಲ್ಲ. ಘರಿಯಲ್ ಹಿಂದೆ ಸಿಂಧೂವಿನಿಂದ ಮ್ಯಾನ್ಮಾರ್‌ನ ಇರಾವತಿವರೆಗಿನ ನದಿಗಳಲ್ಲಿತ್ತು. ಇಂದು ಉಳಿದಿರುವುದು ಭಾರತ ಮತ್ತು ನೇಪಾಳದ ಕೆಲವೇ ನದಿಗಳಲ್ಲಿ, ಅದರಲ್ಲೂ ಬಹುಪಾಲು ಚಂಬಲ್ ಒಂದರಲ್ಲೇ. ಬಸ್ಟರ್ಡ್ ಕೂಡ ಭಾರತದ ಒಣ ಬಯಲುಗಳ ಉದ್ದಗಲಕ್ಕೂ ಇದ್ದದ್ದು, ಈಗ ಮುಖ್ಯವಾಗಿ ರಾಜಸ್ಥಾನದ ಥಾರ್ ಮರುಭೂಮಿಯ ಜೈಸಲ್ಮೇರ್ ಸುತ್ತಮುತ್ತ ಉಳಿದಿದೆ. ‘ಇತ್ತು’ ಮತ್ತು ‘ಇದೆ’ ಎರಡನ್ನೂ ಬೇರೆಬೇರೆ ಬರೆಯಿರಿ.

ಶಬ್ದಗಳಲ್ಲಿ ಒಮ್ಮತ ಬರದಿದ್ದರೆ ಐಯುಸಿಎನ್ ಮಾಡಿಟ್ಟಿರುವ ಆವಾಸಗಳ ಸಂಕೇತಪಟ್ಟಿ ಬಳಸಬಹುದು. 1 ಕಾಡು, 3 ಕುರುಚಲು, 4 ಹುಲ್ಲುಗಾವಲು, 5 ಒಳನಾಡಿನ ಜಲನೆಲೆ, 8 ಮರುಭೂಮಿ, ಹೀಗೆ. ಒಣ ವಿಷಯವೇ, ಆದರೆ ನೀವು ‘ಪೊದೆ’ ಎಂದದ್ದನ್ನು ಪಕ್ಕದವರು ‘ಕಾಡು’ ಎನ್ನುವ ಗೊಂದಲ ತಪ್ಪುತ್ತದೆ.

ಸಂರಕ್ಷಣಾ ಸ್ಥಿತಿ: ಹಣೆಪಟ್ಟಿಯ ಹಿಂದೆ ನೋಡಿ

ಕೆಂಪು ಪಟ್ಟಿಯಲ್ಲಿ ಒಂಬತ್ತು ದರ್ಜೆಗಳಿವೆ. ಅವುಗಳಲ್ಲಿ ಅಪಾಯದ ದರ್ಜೆಗಳು ಮೂರು: ವಲ್ನರಬಲ್, ಎಂಡೇಂಜರ್ಡ್, ಕ್ರಿಟಿಕಲಿ ಎಂಡೇಂಜರ್ಡ್. ನಮ್ಮ ಎರಡೂ ಜೀವಿಗಳು ಕೊನೆಯದರಲ್ಲಿ, ಅಂದರೆ ತೀವ್ರ ಅಳಿವಿನಂಚಿನಲ್ಲಿವೆ. ಘರಿಯಲ್ 2007ರಲ್ಲಿ ಅಲ್ಲಿಗೆ ಇಳಿಯಿತು, ಬಸ್ಟರ್ಡ್ 2011ರಲ್ಲಿ. ‘ಎರಡೂ ಒಂದೇ ಸ್ಥಿತಿಯಲ್ಲಿವೆ’ ಎಂದು ಬರೆದು ಪೆನ್ನು ಮುಚ್ಚುವುದಕ್ಕೆ ಇದೇ ಜಾಗ ಆಸೆ ಹುಟ್ಟಿಸುವುದು. ಮುಚ್ಚಬೇಡಿ.

ದರ್ಜೆಯ ಪಕ್ಕದಲ್ಲಿ ಎ ಯಿಂದ ಇ ವರೆಗಿನ ಅಕ್ಷರ, ಅಂಕಿಗಳಿರುತ್ತವೆ. ಆ ದರ್ಜೆ ಯಾಕೆ ಸಿಕ್ಕಿತು ಎಂಬುದರ ಲೆಕ್ಕ ಅದು. ಎ ಎಂದರೆ ಸಂಖ್ಯೆ ಕುಸಿದಿದೆ. ಬಿ, ಹರಡಿರುವ ಪ್ರದೇಶ ಕಿರಿದು. ಸಿ, ಕಡಿಮೆ ಇವೆ ಮತ್ತು ಇನ್ನೂ ಇಳಿಯುತ್ತಿವೆ. ಡಿ, ಬೆರಳೆಣಿಕೆಯಷ್ಟೇ ಇವೆ. ಇ, ಅಳಿವಿನ ಸಾಧ್ಯತೆಯ ಗಣಿತ. ಕ್ರಿಟಿಕಲಿ ಎಂಡೇಂಜರ್ಡ್ ಆಗಲು ಎ ಅಡಿಯಲ್ಲಿ ಸಾಮಾನ್ಯವಾಗಿ 80 ಶೇಕಡಾ ಕುಸಿತ ಬೇಕು, ಸಿ ಅಡಿಯಲ್ಲಿ 250ಕ್ಕಿಂತ ಕಡಿಮೆ ಪ್ರೌಢ ಜೀವಿಗಳಿರಬೇಕು, ಡಿ ಅಡಿಯಲ್ಲಿ 50ಕ್ಕಿಂತ ಕಡಿಮೆ. ಯಾವುದಾದರೂ ಒಂದು ದಾಟಿದರೂ ಸಾಕು.

ಕುಸಿತವನ್ನು ಅಳೆಯುವುದು ಹತ್ತು ವರ್ಷ ಅಥವಾ ಮೂರು ತಲೆಮಾರು, ಯಾವುದು ಹೆಚ್ಚೋ ಆ ಅವಧಿಯಲ್ಲಿ. ಬಸ್ಟರ್ಡ್‌ನ ಮೂರು ತಲೆಮಾರು ಸುಮಾರು 47 ವರ್ಷ. ನಿಧಾನಕ್ಕೆ ಪ್ರಾಯಕ್ಕೆ ಬರುವ ಘರಿಯಲ್‌ನದು ಆರೇಳು ದಶಕ. ಒಂದೇ ಶೇಕಡಾವಾರು ಬೇರೆಬೇರೆ ಗಡಿಯಾರಗಳಲ್ಲಿ ಓಡುತ್ತಿರುತ್ತದೆ. ನಿಮ್ಮ ಹಾಳೆಯಲ್ಲಿ ಅವಧಿ ಬರೆಯದೆ ಶೇಕಡಾ ಬರೆಯಬೇಡಿ.

ಈಗ ಸಂಖ್ಯೆಗೆ ಬನ್ನಿ. ಘರಿಯಲ್ ಎಷ್ಟಿವೆ ಎಂದು ಹುಡುಕಿದರೆ ಒಂದು ಕಡೆ ‘ಸುಮಾರು 650’ ಎಂದೂ ಇನ್ನೊಂದು ಕಡೆ ‘ಚಂಬಲ್‌ನಲ್ಲೇ 2,000ಕ್ಕೂ ಹೆಚ್ಚು’ ಎಂದೂ ಸಿಗುತ್ತದೆ. ಗಾಬರಿ ಬೇಡ, ಎರಡನ್ನೂ ಸುಳ್ಳೆನ್ನಬೇಕಾಗಿಲ್ಲ. ಕೆಂಪು ಪಟ್ಟಿ ಎಣಿಸುವುದು ಸಂತಾನೋತ್ಪತ್ತಿಗೆ ಬಂದ ಪ್ರೌಢ ಜೀವಿಗಳನ್ನು ಮಾತ್ರ. ನದಿಯಲ್ಲಿ ದೋಣಿ ಹಾಕಿ ಎಣಿಸುವವರು ಮರಿ, ಎಳೆಯ ಘರಿಯಲ್ ಎಲ್ಲವನ್ನೂ ಸೇರಿಸುತ್ತಾರೆ. ಬಸ್ಟರ್ಡ್ ವಿಷಯದಲ್ಲಿ ಸಾಮಾನ್ಯವಾಗಿ ಹೇಳುವ ‘150ಕ್ಕಿಂತ ಕಡಿಮೆ’ ಎಂಬುದು ಒಟ್ಟು ಹಕ್ಕಿಗಳ ಅಂದಾಜು. ಅದರ ಪಕ್ಕ 650 ಇಟ್ಟು ‘ಘರಿಯಲ್ ನಾಲ್ಕು ಪಟ್ಟು’ ಎಂದರೆ ಗುಣಾಕಾರ ಸರಿಯಿದ್ದರೂ ಹೋಲಿಕೆ ತಪ್ಪು. ಕಾಲಂನ ನೆತ್ತಿಯ ಮೇಲೆ ‘ಪ್ರೌಢ’ ಅಥವಾ ‘ಒಟ್ಟು’ ಎಂದು ಬರೆದು, ಎರಡಕ್ಕೂ ಅದನ್ನೇ ತುಂಬಿಸಿ.

ಆಮೇಲೆ ಕಂಟಕಗಳು. ಇದಕ್ಕೂ ಐಯುಸಿಎನ್ ಬಳಿ ಸಂಕೇತಪಟ್ಟಿಯಿದೆ, ನನಗೆ ಅದು ಬಹಳ ಪ್ರಿಯ. ಘರಿಯಲ್ ಎದುರು ಮುಖ್ಯವಾಗಿ ಬರುವವು 7.2 ಅಣೆಕಟ್ಟು ಮತ್ತು ನೀರಿನ ಬಳಕೆ, 5.4 ಮೀನುಗಾರಿಕೆ (ಬಲೆಗೆ ಸಿಕ್ಕು ಮುಳುಗಿ ಸಾಯುತ್ತವೆ), 3.2 ಗಣಿಗಾರಿಕೆ, ಅಂದರೆ ಮರಳು. ಬಸ್ಟರ್ಡ್ ಎದುರು 4.2 ತಂತಿ ಮುಂತಾದ ಸೇವಾ ಮಾರ್ಗಗಳು, 2.1 ಬೇಸಾಯ, 5.1 ಬೇಟೆ. ದರ್ಜೆ ಒಂದೇ ಆದರೂ ಕೊಲ್ಲುವ ಮುಖ್ಯ ಕೈಗಳ ಈ ಪಟ್ಟಿಯಲ್ಲಿ ಒಂದು ಸಂಖ್ಯೆಯೂ ತಾಳೆಯಾಗದಿರುವುದು ನೋಡಿ. ನೇರ ಮುಂದೆ ಸರಿಯಾಗಿ ಕಾಣದ ಭಾರದ ಹಕ್ಕಿಗೆ ವಿದ್ಯುತ್ ತಂತಿಯೇ ಯಮ ಎಂಬುದು ಆವಾಸದ ಸಾಲಿನಲ್ಲಿ ನೀವು ಕೇಳಿದ ಮೂರನೇ ಪ್ರಶ್ನೆಯಲ್ಲೇ ಅಡಗಿತ್ತು. ಇದೇ ಕಾರಣಕ್ಕೆ ಸುಪ್ರೀಂ ಕೋರ್ಟ್ 2021ರ ಏಪ್ರಿಲ್‌ನಲ್ಲಿ ಬಸ್ಟರ್ಡ್ ನೆಲೆಗಳಲ್ಲಿ ತಂತಿಗಳನ್ನು ನೆಲದಡಿಗೆ ಇಳಿಸಲು ಹೇಳಿತು; 2024ರ ಮಾರ್ಚ್‌ನಲ್ಲಿ ಆ ಆದೇಶವನ್ನು ಸಡಿಲಿಸಿ ತಜ್ಞರ ಸಮಿತಿಗೆ ಒಪ್ಪಿಸಿತು.

ಚೇತರಿಕೆಯ ದಾರಿಯೂ ಸ್ಥಿತಿಯ ಭಾಗವೇ. ನಲವತ್ತು ಮೊಟ್ಟೆಯಿಡುವ ಘರಿಯಲ್‌ಗೆ ಮೊಟ್ಟೆಯ ಕೊರತೆಯಿಲ್ಲ. 1975ರಲ್ಲಿ ಆರಂಭವಾದ ಮೊಸಳೆ ಯೋಜನೆಯಡಿ ಮೊಟ್ಟೆ ಸಂಗ್ರಹಿಸಿ, ಮರಿ ಸಾಕಿ, ಸಾವಿರಾರನ್ನು ನದಿಗಳಿಗೆ ಬಿಟ್ಟರು. ಆದರೂ ಬಿಟ್ಟ ಕಡೆಯೆಲ್ಲ ನಿಲ್ಲಲಿಲ್ಲ, ಯಾಕೆಂದರೆ ಕೊರತೆಯಿದ್ದದ್ದು ನದಿಗೆ. ಮೇಲಾಗಿ ಬಹುಪಾಲು ಒಂದೇ ನದಿಯಲ್ಲಿದ್ದರೆ ಏನಾಗುತ್ತದೆ ಎಂಬುದು 2007ರ ಡಿಸೆಂಬರ್‌ನಿಂದ ಕೆಲವೇ ತಿಂಗಳಲ್ಲಿ ಕಂಡಿತು: ಚಂಬಲ್‌ನ ಕೆಳಭಾಗದಲ್ಲಿ ನೂರಕ್ಕೂ ಹೆಚ್ಚು ಘರಿಯಲ್‌ಗಳು ಸತ್ತವು, ಪರೀಕ್ಷಿಸಿದವುಗಳಲ್ಲಿ ಮೂತ್ರಪಿಂಡ ಹಾಳಾಗಿ ಗೌಟ್ (ಯೂರಿಕ್ ಆಮ್ಲ ದೇಹದೊಳಗೇ ಶೇಖರವಾಗುವ ರೋಗ) ಬಂದಿತ್ತು. ವರ್ಷಕ್ಕೊಂದು ಮೊಟ್ಟೆಯ ಬಸ್ಟರ್ಡ್‌ಗೆ ಪ್ರತಿಯೊಂದು ಪ್ರೌಢ ಹೆಣ್ಣಿನ ಸಾವೂ ತುಂಬಿಬರದ ನಷ್ಟ. 2019ರಿಂದ ಕಾಡಿನ ಮೊಟ್ಟೆ ತಂದು ಜೈಸಲ್ಮೇರ್ ಬಳಿ ಕೃತಕವಾಗಿ ಮರಿ ಮಾಡಿಸಿ ಸಾಕುತ್ತಿದ್ದಾರೆ. ಆ ಸಾಕಿದ ಹಕ್ಕಿಗಳನ್ನು ಕಾಡಿನ ಸಂಖ್ಯೆಗೆ ಕೂಡಿಸಬೇಡಿ.

ಕಾನೂನು ಬರೆಯುವುದಾದರೆ ಒಂದೇ ವಾಕ್ಯದಲ್ಲಿ ಮುಗಿಸಿ: ಎರಡೂ ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲೂ ಸೈಟ್ಸ್ ಒಪ್ಪಂದದ ಮೊದಲ ಅನುಬಂಧದಲ್ಲೂ ಇವೆ. ಕಾಯ್ದೆ ಬೇಟೆಯನ್ನು ತಡೆಯುತ್ತದೆ, ಸೈಟ್ಸ್ ಅಂತರರಾಷ್ಟ್ರೀಯ ವ್ಯಾಪಾರವನ್ನು. ಕೆಂಪು ಪಟ್ಟಿ ಇವೆರಡೂ ಅಲ್ಲ, ಅದು ಬರೀ ವರದಿ. ಮೂರನ್ನೂ ಕಲಸಿ ‘ಸರ್ಕಾರ ಇದನ್ನು ಕೆಂಪು ಪಟ್ಟಿಗೆ ಸೇರಿಸಿದೆ’ ಎಂದು ಬರೆಯುವವರಿಗೆ ನಾನು ಅಂಕ ಕಳೆಯುತ್ತೇನೆ.

ಮೌಲ್ಯಮಾಪನದ ವರ್ಷವನ್ನು ತಪ್ಪದೆ ನಮೂದಿಸಿ. ದರ್ಜೆ ಬದಲಾದರೆ ಪ್ರಾಣಿಯ ಹಣೆಬರಹ ಬದಲಾಯಿತೆಂದಲ್ಲ. ಹಿಮಚಿರತೆಯನ್ನು 2017ರಲ್ಲಿ ಎಂಡೇಂಜರ್ಡ್‌ನಿಂದ ವಲ್ನರಬಲ್‌ಗೆ ಸರಿಸಿದಾಗ ಅವು ಹೆಚ್ಚಾದವು ಎಂದು ಅನೇಕರು ಓದಿಕೊಂಡರು. ನಿಜವಾಗಿ ಆದದ್ದು ಲೆಕ್ಕ ಹಾಕುವ ಆಧಾರ ಉತ್ತಮಗೊಂಡು, ಹಳೆಯ ದರ್ಜೆಗೆ ಬೇಕಾದ ಮಿತಿ ದಾಟುವುದಿಲ್ಲ ಎಂದು ತಿಳಿದದ್ದು.

ಬರೆಯುವಾಗ

ಕೋಷ್ಟಕ ನಿಮಗಿರಲಿ, ಓದುಗರಿಗೆ ವಾಕ್ಯ ಕೊಡಿ. ಪ್ರತಿ ವಾಕ್ಯದಲ್ಲೂ ಎರಡೂ ಜೀವಿಗಳಿರಬೇಕು ಎಂಬ ಕಟ್ಟುಪಾಡು ಹಾಕಿಕೊಂಡರೆ ಬರಹ ತಾನೇ ಬಿಗಿಯಾಗುತ್ತದೆ. ಹೀಗೆ:

‘ಸುಮಾರು 25 ಕೋಟಿ ವರ್ಷಗಳ ಹಿಂದೆ ಬೇರೆಯಾದ ಘರಿಯಲ್ ಮತ್ತು ಬಸ್ಟರ್ಡ್ ಇಂದು ಕೆಂಪು ಪಟ್ಟಿಯ ಒಂದೇ ದರ್ಜೆಯಲ್ಲಿವೆ. ಎರಡೂ ತೆರೆದ ನೆಲದಲ್ಲಿ ಮೊಟ್ಟೆಯಿಡುತ್ತವೆ. ಘರಿಯಲ್‌ಗೆ ಅದು ಹರಿಯುವ ನದಿಗೆ ತಾಗಿದ ಮರಳಾಗಿರಬೇಕು, ಬಸ್ಟರ್ಡ್‌ಗೆ ಮರ-ತಂತಿಗಳಿಲ್ಲದ ಹುಲ್ಲುಬಯಲು. ಘರಿಯಲ್‌ಗೆ ಮರಿಗಳಿವೆ, ನದಿ ಸಾಲದು; ಬಸ್ಟರ್ಡ್‌ಗೆ ಬಯಲೂ ಸಾಲದು, ಮರಿಗಳೂ ಸಾಲವು.’

ಇಷ್ಟೇ. ಕೊನೆಗೆ ‘ಪ್ರಕೃತಿಯನ್ನು ಉಳಿಸೋಣ’ ಎಂದು ಸೇರಿಸಬೇಡಿ, ಮೇಲಿನ ನಾಲ್ಕು ವಾಕ್ಯಗಳಿಗೆ ಅದರ ಹಂಗಿಲ್ಲ.

ಜೋಡಿಯಲ್ಲಿ ಒಂದು ಗಿಡವಾಗಿದ್ದರೆ ಕೆಲವು ನಿಯಮ ಬದಲಾಗುತ್ತವೆ. ಆಸ್ಟ್ರೇಲಿಯಾದ ವಾಲೆಮೈ ಪೈನ್ ತೆಗೆದುಕೊಳ್ಳಿ. 1994ರಲ್ಲಷ್ಟೇ ಕಣ್ಣಿಗೆ ಬಿದ್ದ ಮರ, ಇದೂ ಕ್ರಿಟಿಕಲಿ ಎಂಡೇಂಜರ್ಡ್. ಸಸ್ಯಗಳ ಹೆಸರಿನಲ್ಲಿ ಪ್ರಭೇದವನ್ನು ಬೇರೆ ಜಾತಿಗೆ ಸರಿಸಿದ್ದರೆ ಕಂಸದೊಳಗೆ ಮೊದಲು ಹೆಸರಿಟ್ಟವರು, ಕಂಸದ ಹೊರಗೆ ಸರಿಸಿದವರು, ಇಬ್ಬರೂ ಇರುತ್ತಾರೆ. ಇನ್ನು ಎಣಿಕೆ: ವಾಲೆಮೈ ಪೈನ್ ಒಂದೇ ಬುಡದಿಂದ ಹಲವು ಕಾಂಡ ಚಿಗುರಿಸುತ್ತದೆ. ಎಣಿಸಿದ್ದು ಕಾಂಡವನ್ನೋ ಮರವನ್ನೋ ಎಂಬುದನ್ನು ಆಕರದಲ್ಲಿ ನೋಡಿಕೊಂಡು ಬರೆಯಿರಿ. ಜಗತ್ತಿನ ಅನೇಕ ಉದ್ಯಾನಗಳಲ್ಲಿ ನೆಟ್ಟು ಬೆಳೆಸಿರುವ ಮರಗಳು ಸಾಕಿದ ಬಸ್ಟರ್ಡ್‌ಗಳ ಹಾಗೆಯೇ, ಈ ಲೆಕ್ಕಕ್ಕೆ ಸೇರುವುದಿಲ್ಲ.